ತುಕ್ಕಿನ ಮೇಲೆ ಬಣ್ಣ ಹೊಡೆದರೆ ತುಕ್ಕು ನಿಲ್ಲುತ್ತದಾ?

ಪ್ರಶ್ನೆ: ಹಳೇ ಕಾರೊಂದನ್ನು ಮನೆಯಲ್ಲೇ ರಿಪೇರಿ ಮಾಡಿ ಮೊದಲಿನಂತೆ ಮಾಡಬೇಕು ಅಂತಿದ್ದೇನೆ. ಎಂಜಿನ್ ಪರವಾಗಿಲ್ಲ. ಬಾಗಿಲುಗಳ ಕೆಳಗೆ, ಸಿಲ್ (ಬಾಗಿಲುಗಳಡಿ ಬಾಡಿಯ ಅಂಚಿನಲ್ಲಿರುವ ಪೆಟ್ಟಿಗೆಯಂಥ ತಗಡಿನ ತೊಲೆ) ಉದ್ದಕ್ಕೂ, ಹಿಂದಿನ ಚಕ್ರದ ಕಮಾನಿನ ಸುತ್ತ ಮಾತ್ರ ತುಕ್ಕು ಇದೆ. ಚೆನ್ನಾಗಿ ಉಜ್ಜಿ, ರಸ್ಟ್ ಕನ್ವರ್ಟರ್ ಬಳಿದು, ಪುಟ್ಟಿ ಹಾಕಿ ಪೇಂಟ್ ಹೊಡೆದರೆ ಸಾಕಲ್ಲವೇ? ಗಾಳಿ ಸಿಗದಿದ್ದರೆ ತುಕ್ಕು ಅಲ್ಲಿಗೇ ನಿಲ್ಲುತ್ತೆ ಅಂತಾರೆ.

ಉತ್ತರ: ಸಾಲದು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಈ ಪ್ರಶ್ನೆಗೆ ಒಂದೇ ಪದದಲ್ಲಿ ಉತ್ತರ ಹೇಳಿದಾಗೆಲ್ಲ ಮುಂದಿನ ವಾರ ಅದೇ ಪ್ರಶ್ನೆ ಇನ್ನೊಬ್ಬರಿಂದ ಬಂದಿದೆ. ಕಾರಿನ ಹೆಸರು ಬದಲಾಗುತ್ತದೆ, ಮಾಡೆಲ್ ಬದಲಾಗುತ್ತದೆ, ಕೊನೆಯ ಆ ‘ಅಂತಾರೆ’ ಮಾತ್ರ ಅಕ್ಷರವೂ ಬದಲಾಗುವುದಿಲ್ಲ. ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ.

ಈ ನಂಬಿಕೆಯಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಅದು ಸಾಯುತ್ತಿಲ್ಲ. ಕಬ್ಬಿಣ ತುಕ್ಕು ಹಿಡಿಯಲು ನೀರೂ ಬೇಕು, ಆಮ್ಲಜನಕವೂ ಬೇಕು, ಉಪ್ಪಿನಂಶ ಸೇರಿದರೆ ಕೆಲಸ ಚುರುಕು. ಇದು ಶಾಲೆಯಲ್ಲಿ ಎಲ್ಲರೂ ಓದಿದ್ದೇ. ಅಲ್ಲಿ ಯಾರೂ ಒತ್ತಿ ಹೇಳದ ಸಂಗತಿ ಬೇರೆ ಇದೆ: ತಗಡು ಎಲ್ಲಿ ಸವೆಯುತ್ತಿದೆಯೋ ಅಲ್ಲಿಗೇ ಆಮ್ಲಜನಕ ಬರಬೇಕೆಂದಿಲ್ಲ. ಸ್ವಲ್ಪ ಆಚೆ, ಅದೇ ತಗಡಿನ ಇನ್ನೊಂದು ಜಾಗಕ್ಕೆ ಬಂದರೂ ನಡೆಯುತ್ತದೆ.

ನಂಬಿಕೆ ಬರದಿದ್ದರೆ ಮಾಡಿ ನೋಡಿ. ಒಂದು ಕಬ್ಬಿಣದ ತಗಡಿನ ತುಂಡನ್ನು ಎಮರಿ ಪೇಪರಿನಿಂದ ಹೊಳೆಯುವವರೆಗೆ ಉಜ್ಜಿ, ಅದರ ಮೇಲೆ ಉಪ್ಪುನೀರಿನ ಒಂದು ದಪ್ಪ ಹನಿ ಬಿಡಿ. ಹನಿಯ ಅಂಚಿನಲ್ಲಿ ನೀರು ತೆಳ್ಳಗಿರುತ್ತದೆ, ಗಾಳಿಯ ಆಮ್ಲಜನಕ ಸಲೀಸಾಗಿ ತಗಡು ಮುಟ್ಟುತ್ತದೆ. ನಡುವೆ ನೀರು ದಪ್ಪ, ಅಲ್ಲಿಗೆ ಆಮ್ಲಜನಕ ಇಳಿಯುವುದು ತಡ. ‘ಗಾಳಿ ಇದ್ದಲ್ಲಿ ತುಕ್ಕು’ ಅನ್ನುವವರ ಲೆಕ್ಕದಲ್ಲಿ ಅಂಚು ಮೊದಲು ಹಾಳಾಗಬೇಕು. ಕೆಲವು ಗಂಟೆ ಬಿಟ್ಟು ಒರೆಸಿ ನೋಡಿ. ಅಂಚು ಇನ್ನೂ ಹೊಳೆಯುತ್ತಿರುತ್ತದೆ, ತಗಡು ಕೊರೆದಿರುವುದು ನಡುವಿನಲ್ಲಿ, ಎರಡರ ಮಧ್ಯೆ ಕಂದು ಬಳೆಯಂಥ ಗೆರೆ. ಲೋಹಗಳ ಸವೆತದ ಬಗ್ಗೆ ಕೆಲಸ ಮಾಡಿದ ಕೇಂಬ್ರಿಜ್‌ನ ಯುಲಿಕ್ ಇವಾನ್ಸ್ ಹೆಸರಿನಲ್ಲಿ ಈ ಪ್ರಯೋಗವನ್ನು ಈಗಲೂ ಪಾಠ ಹೇಳುತ್ತಾರೆ.

ಆಗುವುದಿಷ್ಟು. ಆಮ್ಲಜನಕ ಕಡಿಮೆ ಇರುವ ಕಡೆ ಕಬ್ಬಿಣ ಕರಗಿ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಆ ಎಲೆಕ್ಟ್ರಾನ್‌ಗಳು ತಗಡಿನೊಳಗೇ ಹರಿದು ಆಮ್ಲಜನಕ ಹೆಚ್ಚಿರುವ ಕಡೆ ಹೋಗಿ ಖರ್ಚಾಗುತ್ತವೆ. ಒಂದು ಸಣ್ಣ ಬ್ಯಾಟರಿ ಅನ್ನಿ. ಸವೆತ ಒಂದು ಕಡೆ, ಅದಕ್ಕೆ ಬೇಕಾದ ಆಮ್ಲಜನಕ ಇನ್ನೊಂದು ಕಡೆ.

ಈಗ ಇದನ್ನು ನಿಮ್ಮ ಬಾಗಿಲ ಕೆಳಭಾಗಕ್ಕೆ ತನ್ನಿ. ಅಲ್ಲಿ ಎರಡು ತಗಡುಗಳನ್ನು ಮಡಿಚಿ ಒತ್ತಿರುತ್ತಾರೆ. ಮಡಿಕೆಯೊಳಗೆ ನೀರು ಒಮ್ಮೆ ಹೊಕ್ಕರೆ ಆರುವುದಿಲ್ಲ, ಗಾಳಿಯೂ ಆಡುವುದಿಲ್ಲ. ನಮ್ಮ ‘ಗಾಳಿ ಸಿಗದಿದ್ದರೆ’ ಪಂಡಿತರ ಪ್ರಕಾರ ಕಾರಿನಲ್ಲೇ ಅತಿ ಸುರಕ್ಷಿತ ಜಾಗ ಅದಾಗಬೇಕಿತ್ತು. ಯಾವ ಹಳೇ ಕಾರನ್ನಾದರೂ ನೋಡಿ, ಮೊದಲು ಕೊಳೆತು ಉದುರಿರುವುದು ಅದೇ ಮಡಿಕೆ.

ಇನ್ನು, ಬಣ್ಣ ಹೊಡೆದರೆ ಗಾಳಿ ನಿಲ್ಲುತ್ತದೆ ಅನ್ನುವುದೇ ಸುಳ್ಳು. ಬಣ್ಣದ ಪದರ ನೀರಾವಿಯನ್ನೂ ಆಮ್ಲಜನಕವನ್ನೂ ನಿಧಾನವಾಗಿ ಒಳಗೆ ಬಿಡುತ್ತಲೇ ಇರುತ್ತದೆ. ಅದು ತಗಡನ್ನು ಕಾಪಾಡುವುದು ಶುದ್ಧ ಲೋಹಕ್ಕೆ ಗಟ್ಟಿಯಾಗಿ ಅಂಟಿಕೊಂಡಿದ್ದಾಗ ಮಾತ್ರ, ಏಕೆಂದರೆ ಆಗ ನೀರು ನಿಂತು ಉಪ್ಪು ಕರಗಿಸಿಕೊಳ್ಳಲು ಜಾಗವೇ ಇರುವುದಿಲ್ಲ. ತುಕ್ಕಿನ ಮೇಲೆ ಹೊಡೆದ ಬಣ್ಣ ಅಂಟಿರುವುದು ತುಕ್ಕಿಗೆ, ಕಬ್ಬಿಣಕ್ಕಲ್ಲ. ತುಕ್ಕೋ ತೂತು ತೂತಾದ ಸಡಿಲ ಪದರ. ಅದರ ಹೊಟ್ಟೆಯಲ್ಲಿ ಹಳೇ ಉಪ್ಪು ಉಳಿದಿರುತ್ತದೆ, ಆ ಉಪ್ಪು ಬಣ್ಣದ ಮೂಲಕ ನೀರನ್ನು ಒಳಕ್ಕೆ ಎಳೆಯುತ್ತದೆ. ಮೇಲೆ ಗುಳ್ಳೆ ಏಳುವುದು ಹೀಗೆ. ಜೊತೆಗೆ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಪುಟ್ಟಿ ಎಷ್ಟೇ ಗಟ್ಟಿ ಇರಲಿ, ಕೆಳಗಿನಿಂದ ಉಬ್ಬುವ ತುಕ್ಕು ಅದನ್ನು ಎತ್ತಿ ಬಿಸಾಡುತ್ತದೆ. ಸಾಲದ್ದಕ್ಕೆ ಪಾಲಿಯೆಸ್ಟರ್ ಪುಟ್ಟಿ ತಾನೇ ತೇವ ಹೀರುತ್ತದೆ. ಹುಳುಕು ಕೆರೆಯದೆ ಹಲ್ಲಿಗೆ ಸಿಮೆಂಟು ತುಂಬಿ ಎಂದು ಯಾವ ದಂತವೈದ್ಯರಿಗೂ ನೀವು ಹೇಳುವುದಿಲ್ಲ. ಕಾರಿಗೆ ಮಾತ್ರ ಏಕೆ ಹೇಳುತ್ತೀರೋ!

‘ಕನ್ವರ್ಟರ್ ಇದೆಯಲ್ಲ?’ ಎಂಬುದು ಮುಂದಿನ ಪ್ರಶ್ನೆ, ಗೊತ್ತು. ಡಬ್ಬಿಯಲ್ಲಿರುವುದು ಸಾಮಾನ್ಯವಾಗಿ ಟ್ಯಾನಿಕ್ ಆಮ್ಲ ಅಥವಾ ಫಾಸ್ಫಾರಿಕ್ ಆಮ್ಲ. ಮೊದಲನೆಯದು ತುಕ್ಕನ್ನು ನೀಲಿಗಪ್ಪು ಕಬ್ಬಿಣದ ಟ್ಯಾನೇಟ್ ಮಾಡುತ್ತದೆ, ಎರಡನೆಯದು ಫಾಸ್ಫೇಟ್ ಮಾಡುತ್ತದೆ. ಎರಡೂ ನಿಜವಾದ ರಸಾಯನವೇ, ಮೋಸವಲ್ಲ. ಆದರೆ ಅವು ಮುಟ್ಟಿದಷ್ಟನ್ನೇ ಬದಲಿಸುತ್ತವೆ. ವೈರ್ ಬ್ರಷ್‌ನಲ್ಲಿ ಉಜ್ಜಿ ಸಡಿಲ ತುಕ್ಕೆಲ್ಲ ಹೋದ ಮೇಲೆ, ಲೋಹದ ಸಣ್ಣ ಗುಳಿಗಳಲ್ಲಿ ಉಳಿದ ಕಂದು ಕಲೆಗೆ ಕನ್ವರ್ಟರ್ ಒಳ್ಳೆಯದು. ಪದರ ಪದರವಾಗಿ ಎದ್ದ ತುಕ್ಕಿಗೆ ಬಳಿದರೆ ಮೇಲ್ಪದರ ಕಪ್ಪಾಗುತ್ತದೆ, ಕೆಳಗೆ ಎಂದಿನಂತೆ ಕೆಲಸ ನಡೆದಿರುತ್ತದೆ. ಕಪ್ಪು ಬಣ್ಣ ನೋಡಿ ಸಮಾಧಾನ ಸಿಗುತ್ತದೆ, ಅಷ್ಟೇ. ತಗಡಿನ ಹಿಂಬದಿಗಂತೂ ಅದು ಹೋಗುವುದೇ ಇಲ್ಲ.

ಹಿಂಬದಿ ಅಂದೆನಲ್ಲ, ನಿಮ್ಮ ಕಾರಿನ ಅಸಲಿ ಕಥೆ ಇರುವುದು ಅಲ್ಲಿ. ಬಾಗಿಲ ಕೆಳಗೆ, ಸಿಲ್‌ನಲ್ಲಿ, ಚಕ್ರದ ಕಮಾನಿನಲ್ಲಿ ಕಾಣುವ ಗುಳ್ಳೆಗಳು ಬಹುಪಾಲು ಒಳಗಿನಿಂದ ಹೊರಕ್ಕೆ ಬಂದವು. ಕಿಟಕಿ ಗಾಜಿನ ಪಕ್ಕದಿಂದ ಇಳಿದ ನೀರು ಬಾಗಿಲೊಳಗೆ ಬೀಳುತ್ತದೆ, ಕೆಳಗಿನ ಸಣ್ಣ ತೂತುಗಳಿಂದ ಹೊರಹೋಗಬೇಕು. ಮಣ್ಣು, ಎಲೆಪುಡಿ, ಕಾರಿನ ತಳಕ್ಕೆ ಬಳಿದ ಹಳೇ ಅಂಡರ್‌ಕೋಟ್ ಸೇರಿ ಆ ತೂತು ಮುಚ್ಚಿರುತ್ತದೆ. ಹೊರಗೆ ಕಾಸಿನಗಲ ಗುಳ್ಳೆ ಕಂಡಾಗ ಒಳಗೆ ಅಂಗೈಯಗಲ ತಗಡು ಹೋಗಿರುತ್ತದೆ. ಆದ್ದರಿಂದ ಮೊದಲು ಉಜ್ಜುಕಾಗದ ಕೆಳಗಿಡಿ, ಸ್ಕ್ರೂಡ್ರೈವರ್ ತಗೊಳ್ಳಿ. ಅನುಮಾನ ಇದ್ದ ಕಡೆಯೆಲ್ಲ ತುದಿಯಿಂದ ಒತ್ತಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ಕರುಕರು ಎಂದು ಒಳಗೆ ಬಿಡುತ್ತದೆ. ತೂತು ಬಿತ್ತೆಂದು ಗೋಳಾಡಬೇಡಿ, ತೂತು ಮೊದಲೇ ಇತ್ತು. ಹಿಂದೆ ಯಾರಾದರೂ ಪುಟ್ಟಿ ತುಂಬಿದ್ದಾರಾ ಎಂದು ನೋಡಲು ತೆಳು ಬಟ್ಟೆ ಸುತ್ತಿದ ಅಯಸ್ಕಾಂತ ಸಾಕು. ದಪ್ಪ ಪುಟ್ಟಿ ಇದ್ದಲ್ಲಿ ಅದು ಹಿಡಿಯದೆ ಜಾರುತ್ತದೆ.

ಸರಿ, ಹಾಗಾದರೆ ಮಾಡುವುದೇನು? ಕೊಳೆತದ್ದನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆಯುವುದು, ಅದೇ ದಪ್ಪದ ಹೊಸ ತಗಡು ಕೂರಿಸಿ ಬೆಸೆಯುವುದು. ಬೇರೆ ದಾರಿ ಇಲ್ಲ. ಮಿಗ್ ವೆಲ್ಡಿಂಗ್, ಅಂದರೆ ಯಂತ್ರವೇ ತಂತಿ ಉಣಿಸುತ್ತ ಗ್ಯಾಸಿನ ಮರೆಯಲ್ಲಿ ಬೆಸೆಯುವುದು, ಮನೆಯಲ್ಲಿ ಕಲಿಯಬಹುದಾದ ವಿದ್ಯೆ. ಬಾಡಿ ತಗಡು ಸಾಮಾನ್ಯವಾಗಿ 1 ಮಿಲಿಮೀಟರಿನ ಆಸುಪಾಸು. ಅದಕ್ಕೆ 0.6 ಮಿಲಿಮೀಟರ್ ತಂತಿ, ಆರ್ಗಾನ್ ಮತ್ತು ಇಂಗಾಲದ ಡೈಆಕ್ಸೈಡ್ ಬೆರೆತ ಗ್ಯಾಸ್ ಹೊಂದುತ್ತದೆ. ಉದ್ದಕ್ಕೆ ಗೆರೆ ಎಳೆದಂತೆ ಬೆಸೆಯಲು ಹೋದರೆ ತಗಡು ಸುರುಟಿಕೊಳ್ಳುತ್ತದೆ. ಒಂದು ಚುಕ್ಕೆ ಇಲ್ಲಿ, ಒಂದು ಅಷ್ಟು ದೂರದಲ್ಲಿ, ಆರಲು ಬಿಟ್ಟು ಮತ್ತೆ ನಡುವೆ ಒಂದು. ಬೇಜಾರಿನ ಕೆಲಸ. ಶುರು ಮಾಡುವ ಮೊದಲು ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ. ಖಾಲಿ ಟ್ಯಾಂಕ್ ತಾನೇ ಎನ್ನಬೇಡಿ, ಉರಿಯುವುದು ಪೆಟ್ರೋಲಿನ ಆವಿ. ಖಾಲಿ ಟ್ಯಾಂಕಿನಲ್ಲಿ ಗಾಳಿಯ ಜೊತೆ ಬೆರೆತು ತುಂಬಿರುವುದು ಅದೇ.

ಒಂದು ವಿಷಯಕ್ಕೆ ಮಾತ್ರ ಮನೆಯವರನ್ನು ಎಬ್ಬಿಸಿಯಾದರೂ ಹೇಳುವಷ್ಟು ಗಟ್ಟಿಯಾಗಿ ಹೇಳುತ್ತೇನೆ. ಹಳೇ ಜೀಪಿನಂತೆ ಕೆಳಗೆ ಭಾರ ಹೊರುವ ಬೇರೆ ಚೌಕಟ್ಟು, ಅಂದರೆ ಚಾಸಿ, ಇದ್ದರೆ ಪರವಾಗಿಲ್ಲ. ಮಾರಿಸ್ ಮೈನರ್, ಫಿಯಟ್ 1100, ಮೊದಲ ಮಿನಿ ಇಂಥವುಗಳಲ್ಲಿ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಆ ಭಾರದ ದೊಡ್ಡ ಪಾಲು ಸಿಲ್ ಮೇಲಿದೆ. ಬಾಗಿಲ ಚೌಕಟ್ಟಿಗೆ ಒಳಗಿನಿಂದ ಕಬ್ಬಿಣದ ಪೈಪು ಅಡ್ಡ ಬೆಸೆಯದೆ ಸಿಲ್ ಕತ್ತರಿಸಿದರೆ ಕಾರು ನಡುವೆ ಬಾಗುತ್ತದೆ. ಹೊಸ ಸಿಲ್ ಬೆಸೆದ ಮೇಲೆ ಆ ಬಾಗು ಶಾಶ್ವತ, ಬಾಗಿಲು ಮುಚ್ಚುವುದಿಲ್ಲ. ಕತ್ತರಿಸುವ ಮೊದಲು ಚೌಕಟ್ಟಿನ ಮೂಲೆಯಿಂದ ಮೂಲೆಗೆ ಅಳೆದು ಬರೆದಿಡಿ, ಒಂದು ಬದಿ ಮುಗಿಸಿದ ಮೇಲೇ ಇನ್ನೊಂದಕ್ಕೆ ಕೈ ಹಾಕಿ. ಮತ್ತೆ, ಪುಟ್ಟಿ ಹಾಕಿ ಮುಚ್ಚಿದ ಸಿಲ್ ನೋಡಲು ಸಿಲ್‌ನಂತಿರುತ್ತದೆ, ಅಪಘಾತದಲ್ಲಿ ರಟ್ಟಿನಂತೆ ಮಡಚುತ್ತದೆ. ಇದು ಅಂದಚಂದದ ವಿಷಯವಲ್ಲ.

ಬೆಸೆದು, ತೀಡಿ, ಎಣ್ಣೆಜಿಡ್ಡು ಒರೆಸಿದ ಮೇಲೆ ಬರಿ ಲೋಹಕ್ಕೆ ಎಪಾಕ್ಸಿ ಪ್ರೈಮರ್. ಪುಟ್ಟಿ ಬೇಕಾದರೆ ಅದರ ಮೇಲೆ, ಸಣ್ಣ ತಗ್ಗು ಸರಿಪಡಿಸುವಷ್ಟು, 2-3 ಮಿಲಿಮೀಟರ್ ಮೀರದಂತೆ. ಪುಟ್ಟಿಯನ್ನು ನಾನು ದ್ವೇಷಿಸುವುದಿಲ್ಲ, ಅದನ್ನು ಲೋಹದ ಬದಲು ಬಳಸುವವರ ಮೇಲಷ್ಟೇ ನನ್ನ ಸಿಟ್ಟು. ಬಣ್ಣ ಎಲ್ಲ ಆರಿದ ಮೇಲೆ ಸಿಲ್ ಮತ್ತು ಬಾಗಿಲುಗಳ ಒಳಗೆ ಉದ್ದ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಜಾಗಗಳ ಒಳಮೈಗೆ ಅಂಟಿ ತೇವ ತಡೆಯುವ ಮೇಣ) ಸಿಂಪಡಿಸಿ. ಸಿಂಪಡಿಸಿದ ಮೇಲೆ ನೀರು ಹೋಗುವ ತೂತುಗಳು ತೆರೆದಿವೆಯೇ ಎಂದು ತಂತಿ ಹಾಕಿ ನೋಡಿ. ನಿಮ್ಮ ಕಾರು ತಯಾರಾದ ಕಾಲಕ್ಕೆ ಇಂಥ ರಕ್ಷಣೆ ಬಹುತೇಕ ಇರಲಿಲ್ಲ. ಪೋರ್ಷೆ 911ರಂಥ ದುಬಾರಿ ಕಾರಿನ ಬಾಡಿಗೇ ಪೂರ್ತಿ ಸತುವಿನ ಲೇಪ ಬಂದದ್ದು 1970ರ ದಶಕದ ಮಧ್ಯದಲ್ಲಿ.

ಬೋಲ್ಟು, ಕೀಲು, ಬ್ರಾಕೆಟ್ ಮುಂತಾದ ಸಣ್ಣ ಸಾಮಾನಿಗೆ ವಾಷಿಂಗ್ ಸೋಡಾ ನೀರಿನಲ್ಲಿ ಮುಳುಗಿಸಿ ಬ್ಯಾಟರಿ ಚಾರ್ಜರ್ ಕೊಡುವ ವಿಧಾನ ಚೆನ್ನಾಗಿದೆ. ನಿಮ್ಮ ಸಾಮಾನು ನೆಗೆಟಿವ್‌ಗೆ, ಬೇಡದ ಕಬ್ಬಿಣದ ತುಂಡು ಪಾಸಿಟಿವ್‌ಗೆ. ಸ್ಟೇನ್‌ಲೆಸ್ ಸ್ಟೀಲ್ ಚಮಚ ಹಾಕಿ ಎಂದು ಹೇಳುವ ಮಹಾನುಭಾವರಿದ್ದಾರೆ. ಹಾಕಬೇಡಿ, ಕ್ರೋಮಿಯಂನ ವಿಷಕಾರಿ ರೂಪ ನೀರಿಗೆ ಬಿಡುಗಡೆಯಾಗುತ್ತದೆ. ಹೈಡ್ರೋಜನ್ ಗುಳ್ಳೆಗಳೂ ಏಳುವುದರಿಂದ ಮುಚ್ಚಿದ ಕೋಣೆ ಬೇಡ, ಹತ್ತಿರ ಬೆಂಕಿ ಬೇಡ. ಸ್ಪ್ರಿಂಗ್‌ಗಳನ್ನು ಇದರಲ್ಲಿ ಹಾಕಬಾರದು, ಹೈಡ್ರೋಜನ್ ಹೊಕ್ಕು ಗಡಸು ಉಕ್ಕು ಸೆಡೆತು ಮುರಿಯಬಹುದು.

ಇಷ್ಟು ಹೇಳಿದ ಮೇಲೆ ನೀವು ಕೇಳದ ಇನ್ನೊಂದಕ್ಕೂ ಉತ್ತರ ಹೇಳಿಬಿಡುತ್ತೇನೆ. ‘ಎಂಜಿನ್ ಪರವಾಗಿಲ್ಲ’ ಎಂದು ಬರೆದಿದ್ದೀರಿ. ಹಾಗೆ ಬರೆಯುವವರು ಸಾಮಾನ್ಯವಾಗಿ ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವ ಅಭ್ಯಾಸದವರು, ಕಾರು ಸ್ಟ್ಯಾಂಡ್ ಮೇಲಿದ್ದರೂ ಬಿಡುವುದಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತದೆ. ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿದ ಲೆಕ್ಕ ಅದು. ಕಾರು ಅರ್ಧ ಗಂಟೆ ರಸ್ತೆಯಲ್ಲಿ ಓಡಿದರೆ ಎಲ್ಲ ಬಿಸಿಯಾಗಿ ಆ ನೀರು ಆವಿಯಾಗಿ ಹೊರಟುಹೋಗುತ್ತದೆ. ಐದು ನಿಮಿಷಕ್ಕೆ ಆಫ್ ಮಾಡಿದರೆ ತಣ್ಣನೆ ಸೈಲೆನ್ಸರಿನಲ್ಲಿ ಹನಿಯಾಗಿ ನಿಲ್ಲುತ್ತದೆ, ಒಂದಷ್ಟು ಪಿಸ್ಟನ್ ರಿಂಗ್ ದಾಟಿ ಎಂಜಿನ್ ಆಯಿಲಿಗೂ ಸೇರುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ, ಒಳಗೆ ಮಜ್ಜಿಗೆ ಬಣ್ಣದ ನೊರೆ ಅಂಟಿದ್ದರೆ ಬಹುಶಃ ಇದೇ ಕಾರಣ. ಕೂಲಂಟ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ, ಸೋರದಂತೆ ತಡೆಯುವ ಪಟ್ಟಿ) ನೋಡಬೇಕು, ಅದು ಬೇರೆ ಕಥೆ. ಹೊರಗಿನ ತುಕ್ಕಿಗೆ ರಜೆಯೆಲ್ಲ ಸುರಿದು, ಒಳಗೆ ವಾರವಾರವೂ ನೀವೇ ನೀರು ಬಿಟ್ಟ ಹಾಗಾಯಿತು.

ಟಿಂಕರಿಂಗ್ ಮುಗಿಯುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ. ಹಳೇ ಆಯಿಲ್ ಇಳಿಸಿ ಹೊಸದು ಹಾಕಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಕ್ರ್ಯಾಂಕನ್ನು ಕೈಯಿಂದ ಒಂದೆರಡು ಸುತ್ತು ತಿರುಗಿಸಿ, ಪ್ಲಗ್ ಮತ್ತೆ ಬಿಗಿ ಮಾಡಿ. ಕಾರಿನ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಬೇಡಿ, ನೆಲದ ತೇವ ಅದರೊಳಗೇ ಸುತ್ತುತ್ತದೆ. ಗಾಳಿಯಾಡುವ ಬಟ್ಟೆ ಸಾಕು. ಸೈಲೆನ್ಸರ್ ಬಾಯಿಗೆ ಎಣ್ಣೆ ಸವರಿದ ಬಟ್ಟೆ ತುರುಕಿ, ತುರುಕಿದ್ದೀರೆಂದು ಒಂದು ಚೀಟಿ ಬರೆದು ಸ್ಟೀರಿಂಗಿಗೆ ಕಟ್ಟಿ.