ಹನ್ನೆರಡು ತಲೆಗಳ ನೀರಿನ ಗಡಿಯಾರ

ಬೀಜಿಂಗ್‌ನ ಯುವಾನ್‌ಮಿಂಗ್‌ಯುವಾನ್ ಅರಮನೆಯ ಕಂಚಿನ ಪ್ರಾಣಿ ತಲೆಗಳ ಬಗ್ಗೆ ಓದುವಾಗ ಒಂದು ಮಾತು ಮೊದಲೇ ಗಟ್ಟಿ ಮಾಡಿಕೊಳ್ಳಿ: ಇವು ಒಂದು ಗಡಿಯಾರದ ಬಿಡಿಭಾಗಗಳು. ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿ ಒಂಟಿ ತಲೆ ನೋಡಿದರೆ ಇದು ಹೊಳೆಯುವುದೇ ಇಲ್ಲ.

ಚಿಯಾನ್‌ಲಾಂಗ್ ಚಕ್ರವರ್ತಿಗೆ ಯುರೋಪಿನ ಥರದ ಕಾರಂಜಿ ಬೇಕಿತ್ತು. ಆಸ್ಥಾನದಲ್ಲಿದ್ದ ಇಟಲಿಯ ಚಿತ್ರಕಾರ ಕಾಸ್ಟಿಲ್ಯೋನೆ ವಿನ್ಯಾಸ ನೋಡಿಕೊಂಡರು, ನೀರಿನ ಕೆಲಸ ಫ್ರಾನ್ಸಿನ ಬೆನುವಾ ಅವರದು. 1759ರ ಹೊತ್ತಿಗೆ ಹೈಯಾನ್‌ಟಾಂಗ್ ಎಂಬ ಕಟ್ಟಡದ ಮುಂದೆ, ಕೊಳದ ಎರಡೂ ಬದಿಗೆ ಆರಾರು ಮೂರ್ತಿಗಳು ಕೂತವು. ಮೈ ಕಲ್ಲಿನದು, ಮನುಷ್ಯರ ಹಾಗೆ ನಿಲುವಂಗಿ ಬೇರೆ. ತಲೆ ಮಾತ್ರ ಕಂಚಿನದು. ಕುದುರೆಯ ತಲೆಯ ಫೋಟೊ ಸಿಕ್ಕರೆ ದೊಡ್ಡದು ಮಾಡಿ ನೋಡಿ, ಜೂಲಿನ ಕೂದಲನ್ನು ಎಳೆ ಎಳೆಯಾಗಿ ಕೊರೆದಿದ್ದಾರೆ, ಬಾಯಿ ತೆರೆದಿದೆ. ನೀರು ಬರುತ್ತಿದ್ದದ್ದು ಅಲ್ಲಿಂದಲೇ.

ಈಗ ಗಡಿಯಾರಕ್ಕೆ ಬರೋಣ. ಹಳೆಯ ಚೀನೀ ಲೆಕ್ಕದಲ್ಲಿ ದಿನಕ್ಕೆ 12 ಭಾಗ, ಒಂದೊಂದೂ ನಮ್ಮ 2 ಗಂಟೆ. ರಾತ್ರಿ 11ರಿಂದ 1ರವರೆಗೆ ಇಲಿ, ಆಮೇಲೆ ಎತ್ತು, ಹುಲಿ, ಮೊಲ, ಡ್ರ್ಯಾಗನ್, ಹಾವು, ಕುದುರೆ, ಮೇಕೆ, ಕೋತಿ, ಹುಂಜ, ನಾಯಿ, ಹಂದಿ. ಯಾರ ಸರದಿಯೋ ಆ ಪ್ರಾಣಿಯ ಬಾಯಿಂದ ನೀರು ಚಿಮ್ಮುತ್ತಿತ್ತು. ಇಲಿ ಒಂದು ಬದಿಗೆ, ಎತ್ತು ಎದುರು ಬದಿಗೆ, ಹೀಗೆ ಕೂರಿಸಿದ್ದರಿಂದ ನೀರು ಆ ಕಡೆ ಈ ಕಡೆ ದಾಟುತ್ತಾ ಹೋಗುತ್ತಿತ್ತು. ಮಧ್ಯಾಹ್ನ ಸರಿಯಾಗಿ 12ಕ್ಕೆ ಹನ್ನೆರಡೂ ಒಟ್ಟಿಗೆ! ಎಷ್ಟು ಚಂದ ಅಲ್ವಾ? ಸುಮ್ನೆ ಉರು ಹೊಡೆಯಬೇಡಿ, ಇಲಿ ನಡುರಾತ್ರಿ, ಕುದುರೆ ನಡುಹಗಲು ಅಂತ ಇಟ್ಟುಕೊಂಡರೆ ಉಳಿದವು ತಾವಾಗಿ ಬರುತ್ತವೆ.

1860ರಲ್ಲಿ ಎರಡನೇ ಅಫೀಮು ಯುದ್ಧದಲ್ಲಿ ಬ್ರಿಟಿಷ್, ಫ್ರೆಂಚ್ ಸೈನ್ಯಗಳು ಅರಮನೆಯನ್ನು ದೋಚಿದವು. ಬ್ರಿಟನ್ನಿನ ರಾಯಭಾರಿ ಲಾರ್ಡ್ ಎಲ್ಗಿನ್ ಆಜ್ಞೆಯಂತೆ ಬ್ರಿಟಿಷರು ಬೆಂಕಿ ಇಟ್ಟರು. ತಲೆಗಳು ದೇಶ ದೇಶಕ್ಕೆ ಚದುರಿದವು. ಈವರೆಗೆ ಏಳು ಚೀನಾಕ್ಕೆ ಮರಳಿವೆ. ಎತ್ತು, ಹುಲಿ, ಕೋತಿಯನ್ನು 2000ದಲ್ಲಿ ಹಾಂಗ್‌ಕಾಂಗ್ ಹರಾಜಿನಲ್ಲಿ ಕೊಂಡರು, ಹಂದಿ 2003ರಲ್ಲಿ ಬಂತು, ಇಲಿ ಮತ್ತು ಮೊಲವನ್ನು 2013ರಲ್ಲಿ ಫ್ರಾನ್ಸಿನ ಪಿನೋ ಕುಟುಂಬ ದಾನ ಕೊಟ್ಟಿತು. ಕುದುರೆಯನ್ನು ಮಕಾವ್‌ನ ಉದ್ಯಮಿ ಸ್ಟ್ಯಾನ್ಲಿ ಹೋ 2007ರಲ್ಲಿ 6.91 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಕೊಂಡು 2019ರಲ್ಲಿ ದೇಶಕ್ಕೆ ಕೊಟ್ಟರು, 2020ರಲ್ಲಿ ಅದು ತನ್ನ ಹಳೆಯ ಅರಮನೆಯ ತೋಟಕ್ಕೇ ಮರಳಿತು.

ಡ್ರ್ಯಾಗನ್, ಹಾವು, ಮೇಕೆ, ಹುಂಜ, ನಾಯಿ ಇನ್ನೂ ಬಂದಿಲ್ಲ. ಗಡಿಯಾರದ ಲೆಕ್ಕ ಹಾಕಿ ನೋಡಿ: ಬೆಳಿಗ್ಗೆ 7ರಿಂದ 11, ಮಧ್ಯಾಹ್ನ 1ರಿಂದ 3, ಸಂಜೆ 5ರಿಂದ ರಾತ್ರಿ 9. ದಿನದಲ್ಲಿ ಹತ್ತು ಗಂಟೆ ಹೊತ್ತಿಗೆ ತಲೆಯೇ ಇಲ್ಲ.