ಉಳಿದ ರೀಲು, ಅಳಿಸಿದ ಟೇಪು

ಆಸ್ಟ್ರೇಲಿಯಾದಲ್ಲಿ ಟಿವಿ ಪ್ರಸಾರ ಶುರುವಾದದ್ದು 1956ರ ಸೆಪ್ಟೆಂಬರ್ 16ರ ರಾತ್ರಿ. ಸಿಡ್ನಿಯ ಟಿಸಿಎನ್-9 ವಾಹಿನಿಯಲ್ಲಿ ಬ್ರೂಸ್ ಜಿಂಜೆಲ್ ಎಂಬ ಯುವಕ ಕ್ಯಾಮೆರಾದ ಮುಂದೆ ನಿಂತು ವೀಕ್ಷಕರನ್ನು ಟಿವಿ ಲೋಕಕ್ಕೆ ಸ್ವಾಗತಿಸಿದ. ಆ ದೃಶ್ಯವನ್ನು ಅಲ್ಲಿನವರು ಎಷ್ಟೋ ಸಲ ನೋಡಿದ್ದಾರೆ. ವಿಚಿತ್ರ ಏನೆಂದರೆ, ಅವರು ನೋಡುತ್ತಿರುವುದು ಆ ರಾತ್ರಿಯ ದೃಶ್ಯವೇ ಅಲ್ಲ. ಆ ಪ್ರಸಾರವನ್ನು ಯಾರೂ ದಾಖಲಿಸಿಟ್ಟಿರಲಿಲ್ಲ. ಅದೇ ಮಾತನ್ನು ಆಮೇಲೆ ಇನ್ನೊಮ್ಮೆ ಆಡಿಸಿ ಫಿಲಂ ಮಾಡಿಕೊಂಡರು.

ಹಳೆಯ ಚಿತ್ರಗಳನ್ನು ನೋಡಿ ಒಂದು ದೇಶದ ಬದುಕು ಹೇಗಿತ್ತು ಅಂತ ತಿಳಿಯಲು ಹೊರಟವರಿಗೆ ಇದು ಮೊದಲ ಎಚ್ಚರಿಕೆ. ಯಾವುದು ಮುಖ್ಯವೋ ಅದೇ ಉಳಿಯುತ್ತದೆ ಅನ್ನುವ ಹಾಗಿಲ್ಲ. ಏನು ಉಳಿಯಬೇಕು ಎಂಬುದನ್ನು ಜನರಿಗಿಂತ ಜಾಸ್ತಿ ರಸಾಯನಶಾಸ್ತ್ರ ತೀರ್ಮಾನಿಸಿದೆ. ಉಳಿದ ಕೆಲಸವನ್ನು ದುಡ್ಡಿನ ಲೆಕ್ಕ, ಊರುಗಳ ನಡುವಿನ ದೂರ ಮತ್ತು ಅದೃಷ್ಟ ಮಾಡಿವೆ.

ಮೊದಲು ನೈಟ್ರೇಟ್ ಫಿಲಂ ವಿಷಯ ನೋಡೋಣ. 1950ರ ಆಸುಪಾಸಿನವರೆಗೆ ಥಿಯೇಟರಿಗೆ ಹೋಗುತ್ತಿದ್ದ 35 ಎಂಎಂ ಚಿತ್ರಗಳು ಹೆಚ್ಚಾಗಿ ಸೆಲ್ಯುಲೋಸ್ ನೈಟ್ರೇಟಿನ ಮೇಲೆ ಇರುತ್ತಿದ್ದವು. ಹತ್ತಿಯಲ್ಲಿರುವ ಸೆಲ್ಯುಲೋಸನ್ನು ನೈಟ್ರಿಕ್ ಆಮ್ಲದ ಜೊತೆ ಸೇರಿಸಿ ತಯಾರಿಸುವ ವಸ್ತು ಇದು. ತೋಪಿಗೆ ತುಂಬುತ್ತಿದ್ದ ಗನ್‌ಕಾಟನ್‌ಗೆ ಹತ್ತಿರದ ನೆಂಟ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ. ಹಾಗಾಗಿ ಒಮ್ಮೆ ಹೊತ್ತಿಕೊಂಡರೆ ನೀರಲ್ಲಿ ಮುಳುಗಿಸಿದರೂ ಉರಿಯುತ್ತಲೇ ಇರುತ್ತದೆ.

ಬೆಂಕಿ ಬೀಳದಿದ್ದರೂ ಅದಕ್ಕೆ ನೆಮ್ಮದಿ ಇಲ್ಲ. ಕಾಲ ಕಳೆದಂತೆ ನೈಟ್ರೇಟ್‌ನಿಂದ ಸಾರಜನಕದ ಆಕ್ಸೈಡುಗಳು ಹೊರಬರುತ್ತವೆ. ಗಾಳಿಯ ತೇವ ತಾಗಿದರೆ ಅದು ಮತ್ತೆ ನೈಟ್ರಿಕ್ ಆಮ್ಲವಾಗುತ್ತದೆ. ಆ ಆಮ್ಲ ಚಿತ್ರದ ಬೆಳ್ಳಿಯನ್ನೂ, ಅದನ್ನು ಹಿಡಿದಿಟ್ಟ ಜೆಲಾಟಿನ್ ಪದರವನ್ನೂ ತಿನ್ನುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ, ಇನ್ನಷ್ಟು ನೈಟ್ರೇಟ್ ಬೇಗ ಬೇಗ ಕೆಡುವಂತೆ ಮಾಡುತ್ತದೆ. ಡಬ್ಬಿಯ ಮುಚ್ಚಳ ಬಿಗಿಯಾಗಿದ್ದರೆ ಅನಿಲ ಹೊರಗೆ ಹೋಗದೆ ಕೇಡು ಹೆಚ್ಚುತ್ತದೆ. ಚಿತ್ರ ಮಸುಕಾಗುತ್ತದೆ, ಸುರುಳಿ ಅಂಟಂಟಾಗುತ್ತದೆ, ನೊರೆ ಬರುತ್ತದೆ, ಕಡೆಗೆ ಕಂದು ಪುಡಿ.

1906ರಲ್ಲಿ ಮೆಲ್ಬರ್ನ್‌ನಲ್ಲಿ ತೆರೆಕಂಡ ‘ದ ಸ್ಟೋರಿ ಆಫ್ ದ ಕೆಲ್ಲಿ ಗ್ಯಾಂಗ್’ ಇದಕ್ಕೆ ಸಿಕ್ಕಿಬಿದ್ದ ಚಿತ್ರ. ಕಬ್ಬಿಣದ ಕವಚ ತೊಟ್ಟು ಪೊಲೀಸರ ಜೊತೆ ಗುಂಡಿನ ಕಾಳಗಕ್ಕೆ ನಿಂತ ದರೋಡೆಕೋರ ನೆಡ್ ಕೆಲ್ಲಿಯ ಕಥೆ. ಅವನನ್ನು ಗಲ್ಲಿಗೇರಿಸಿದ್ದು 1880ರಲ್ಲಿ. ಅಂದರೆ ಸಿನಿಮಾ ನೋಡಲು ಬಂದವರಲ್ಲಿ ಎಷ್ಟೋ ಜನರಿಗೆ ಅದು ತಮ್ಮ ಕಾಲದ್ದೇ ಸುದ್ದಿ. ಒಂದು ಗಂಟೆಗೂ ಹೆಚ್ಚು ಉದ್ದವಿದ್ದ ಈ ಚಿತ್ರವನ್ನು ಜಗತ್ತಿನ ಮೊದಲ ಪೂರ್ಣಪ್ರಮಾಣದ ಕಥಾಚಿತ್ರ ಎಂದು ಗುರುತಿಸಿ, 2007ರಲ್ಲಿ ಯುನೆಸ್ಕೊ ತನ್ನ ‘ಜಗತ್ತಿನ ನೆನಪು’ ಪಟ್ಟಿಗೆ ಸೇರಿಸಿತು. ಆದರೆ ಇವತ್ತು ನಾವು ನೋಡಬಹುದಾದದ್ದು ಸುಮಾರು 17 ನಿಮಿಷ ಮಾತ್ರ. 1970ರ ದಶಕದಲ್ಲಿ ಕೆಲವೇ ಸೆಕೆಂಡುಗಳ ಚೂರುಗಳು ಸಿಕ್ಕವು. 1980ರಲ್ಲಿ ಇನ್ನಷ್ಟು ಸಿಕ್ಕಿತು, ಅದೂ ಕಸದ ರಾಶಿಯಲ್ಲಿ! ಎಲ್ಲಕ್ಕಿಂತ ಉದ್ದದ ತುಣುಕು ಪತ್ತೆಯಾದದ್ದು 2006ರಲ್ಲಿ, ಬ್ರಿಟನ್ನಿನಲ್ಲಿ.

ಥಿಯೇಟರಿನ ಚಿತ್ರಗಳ ಗತಿ ಹೀಗಾದರೆ, ಮನೆಮಂದಿ ತೆಗೆದ ಚಿತ್ರಗಳ ಹಣೆಬರಹ ಸ್ವಲ್ಪ ಚೆನ್ನಾಗಿತ್ತು. ಹವ್ಯಾಸಿಗಳಿಗೆಂದು 1923ರಲ್ಲಿ ಬಂದ 16 ಎಂಎಂ ಫಿಲಂ ಮೊದಲಿನಿಂದಲೂ ಅಸಿಟೇಟ್ ಎಂಬ, ಸುಲಭವಾಗಿ ಹೊತ್ತಿಕೊಳ್ಳದ ವಸ್ತುವಿನದು. ಮನೆಯಲ್ಲಿ ಬೆಂಕಿ ಬೀಳಬಾರದಲ್ವಾ? ಕಡಲ ತೀರದಲ್ಲಿ ಮಕ್ಕಳಾಟ, ಕುರಿ ಉಣ್ಣೆ ಕತ್ತರಿಸುವ ಕೊಟ್ಟಿಗೆ, ಭಾನುವಾರದ ಪಿಕ್ನಿಕ್ಕು, ಹೊಸ ಕಾರಿನ ಮುಂದೆ ನಿಂತ ಅಪ್ಪ. ಇಂಥವು ಬೀರುವಿನ ಮೂಲೆಯಲ್ಲಿ ಯಾರಿಗೂ ತೊಂದರೆ ಕೊಡದೆ ಕೂತಿದ್ದವು. ನನಗಂತೂ ದೊಡ್ಡ ಸ್ಟುಡಿಯೋ ಚಿತ್ರಗಳಿಗಿಂತ ಇವುಗಳಲ್ಲೇ ಆಸಕ್ತಿ ಜಾಸ್ತಿ. ಸುಮ್ನೆ ಇದ್ದವರು ಕ್ಯಾಮೆರಾ ಕಂಡ ಕೂಡಲೇ ಹೇಗೆ ಬದಲಾಗುತ್ತಾರೆ ಎಂಬುದನ್ನು ನೋಡುವುದೇ ಒಂದು ಪಾಠ.

ಹಾಗಂತ ಅಸಿಟೇಟ್ ಚಿರಂಜೀವಿಯೇನಲ್ಲ. ಸೆಕೆ ಮತ್ತು ತೇವ ಸೇರಿದರೆ ಅದು ಅಸಿಟಿಕ್ ಆಮ್ಲ ಬಿಡುತ್ತದೆ. ಅಂದರೆ ವಿನೆಗರ್. ಡಬ್ಬಿ ತೆರೆದರೆ ಉಪ್ಪಿನಕಾಯಿ ಭರಣಿಯ ಹುಳಿ ವಾಸನೆ. ಫಿಲಂ ಕುಗ್ಗಿ ಸೊಟ್ಟಗಾಗಿ ಪ್ರೊಜೆಕ್ಟರಿನ ಹಲ್ಲಿಗೆ ಕೂರುವುದೇ ಇಲ್ಲ. ಇಲ್ಲೂ ಆಮ್ಲವೇ ಕೇಡನ್ನು ಚುರುಕು ಮಾಡುತ್ತದೆ. ಇದಕ್ಕೆ ಮದ್ದಿಲ್ಲ. ತಣ್ಣಗಿನ, ಒಣ ಕೋಣೆಯಲ್ಲಿಟ್ಟರೆ ವೇಗ ತಗ್ಗುತ್ತದೆ, ಅಷ್ಟೆ. ಕ್ಯಾನ್‌ಬೆರಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 1984ರಿಂದ ಮಾಡುತ್ತಿರುವ ಕೆಲಸದಲ್ಲಿ ದೊಡ್ಡ ಪಾಲು ಇದೇ. ಆ ಸಂಸ್ಥೆ ಇರುವುದು ಹಿಂದೆ ಅಂಗರಚನಾಶಾಸ್ತ್ರ ಸಂಸ್ಥೆಯಾಗಿದ್ದ ಕಟ್ಟಡದಲ್ಲಿ. ಫಾರ್ ಲ್ಯಾಪ್ ಎಂಬ ಪ್ರಸಿದ್ಧ ರೇಸ್ ಕುದುರೆಯ ಹೃದಯವನ್ನು ಒಂದು ಕಾಲದಲ್ಲಿ ಇಲ್ಲೇ ಪ್ರದರ್ಶನಕ್ಕೆ ಇಟ್ಟಿದ್ದರು. ಕುದುರೆ ರೇಸಿನ ಹುಚ್ಚು ಆ ದೇಶಕ್ಕೆ ಎಷ್ಟೆಂದರೆ, ಸಿನಿಮಾ ಶುರುಮಾಡಿದವರಲ್ಲಿ ಸೇರಿದ ಫ್ರಾನ್ಸಿನ ಲೂಮಿಯೇರ್ ಸಹೋದರರ ಕ್ಯಾಮೆರಾ 1896ರಲ್ಲಿ ಅಲ್ಲಿಗೆ ಹೋದಾಗ ಅದು ಸೆರೆಹಿಡಿದ ಮೊದಮೊದಲ ದೃಶ್ಯಗಳಲ್ಲಿ ಮೆಲ್ಬರ್ನ್ ಕಪ್ ಕುದುರೆ ರೇಸ್ ಕೂಡ ಒಂದು.

ಒಂದು ಪ್ರಾಣಿ ಹೇಗೆ ಓಡಾಡುತ್ತಿತ್ತು ಎಂದು ನೋಡಲು ಫಿಲಂ ಬಿಟ್ಟರೆ ಬೇರೆ ದಾರಿಯೇ ಇಲ್ಲ. ಟ್ಯಾಸ್ಮೇನಿಯನ್ ಹುಲಿ ಎಂದು ಕರೆಯುವ ಥೈಲಸೀನ್, ಬೆನ್ನ ಮೇಲೆ ಪಟ್ಟೆಗಳಿದ್ದ, ಹೊಟ್ಟೆಚೀಲದ ಮಾಂಸಾಹಾರಿ. ಗೊತ್ತಿರುವ ಕೊನೆಯದು ಹೋಬಾರ್ಟಿನ ಮೃಗಾಲಯದಲ್ಲಿ 1936ರ ಸೆಪ್ಟೆಂಬರ್ 7ರಂದು ಸತ್ತಿತು. ಜೀವಂತ ಥೈಲಸೀನ್‌ಗಳ ಚಲನಚಿತ್ರ ಎಲ್ಲ ಸೇರಿ ಸುಮಾರು ಮೂರು ನಿಮಿಷ ಇದೆ. ಪ್ರಾಣಿತಜ್ಞ ಡೇವಿಡ್ ಫ್ಲೇ 1933ರಲ್ಲಿ ತೆಗೆದ ದೃಶ್ಯದಲ್ಲಿ ಒಂದು ಥೈಲಸೀನ್ ಬೋನಿನಲ್ಲಿ ಅತ್ತಿಂದಿತ್ತ ಓಡಾಡುತ್ತದೆ, ಆಕಳಿಸುತ್ತದೆ. ದವಡೆ ನಂಬಲಾಗದಷ್ಟು ಅಗಲ ತೆರೆದುಕೊಳ್ಳುತ್ತದೆ. ಅಸ್ಥಿಪಂಜರ ಎಷ್ಟಿದ್ದರೂ ನಡಿಗೆಯ ಲಯ ಅದರಲ್ಲಿ ಕಾಣದು. 2021ರಲ್ಲಿ ಇದಕ್ಕೆ ಬಣ್ಣ ತುಂಬಿದಾಗ, ಸಂಗ್ರಹಾಲಯಗಳಲ್ಲಿರುವ ಚರ್ಮಗಳನ್ನು ನೋಡಿ ಬಣ್ಣ ಆರಿಸಿಕೊಂಡರು.

ಟಿವಿಯ ಕಥೆ ಬೇರೆ. ಅಲ್ಲಿ ಹಾಳು ಮಾಡಿದ್ದು ಆಮ್ಲವಲ್ಲ, ಮನುಷ್ಯರೇ. ಆರಂಭದ ಎರಡು ಇಂಚು ಅಗಲದ ವಿಡಿಯೋ ಟೇಪಿಗೆ ವಿಪರೀತ ಬೆಲೆ. ಕಾರ್ಯಕ್ರಮ ಪ್ರಸಾರವಾಯಿತು, ಅಳಿಸಿ ಇನ್ನೊಂದನ್ನು ತುಂಬಿದರು. ಆಸ್ಟ್ರೇಲಿಯಾದ ಸಾರ್ವಜನಿಕ ವಾಹಿನಿ ಎಬಿಸಿಯ ‘ಕೌಂಟ್‌ಡೌನ್’ ಕಾರ್ಯಕ್ರಮ 1974ರಲ್ಲಿ ಶುರುವಾಗಿ ಒಂದಿಡೀ ಪೀಳಿಗೆಗೆ ಪಾಪ್ ಸಂಗೀತದ ರುಚಿ ಹತ್ತಿಸಿತು. ಅದರ ಆರಂಭದ ವರ್ಷಗಳ ಎಷ್ಟೋ ಕಂತುಗಳು ಹೀಗೇ ಅಳಿಸಿಹೋದವು.

ಹಾಗಿದ್ದರೆ ಅದಕ್ಕಿಂತ ಹಳೆಯ ಕೆಲವು ಟಿವಿ ಕಾರ್ಯಕ್ರಮಗಳು ಉಳಿದದ್ದು ಹೇಗೆ? ಊರುಗಳ ನಡುವಿನ ದೂರದ ದೆಸೆಯಿಂದ. ಸಿಡ್ನಿ ಮತ್ತು ಮೆಲ್ಬರ್ನ್ ನಡುವೆ ಟಿವಿ ಸಂಕೇತ ಸಾಗಿಸಬಲ್ಲ ಕೇಬಲ್ ಬಂದದ್ದೇ 1962ರಲ್ಲಿ. ಪಶ್ಚಿಮ ತುದಿಯ ಪರ್ತ್‌ಗೆ ಸಂಪರ್ಕ ಸಿಕ್ಕಿದ್ದು 1970ರಲ್ಲಿ. ಅಲ್ಲಿಯವರೆಗೆ ಟಿವಿ ಪರದೆಯ ಮುಂದೆ ಫಿಲಂ ಕ್ಯಾಮೆರಾ ಇಟ್ಟು ಪ್ರತಿ ಮಾಡಿ ಬೇರೆ ನಗರಗಳಿಗೆ ಕಳಿಸಬೇಕಿತ್ತು. ಚಿತ್ರ ಮಂಕಾಗಿರುತ್ತಿತ್ತು, ಆದರೆ ಫಿಲಂ ಅಳಿಸಿ ಮತ್ತೆ ಬಳಸಲು ಬರುವುದಿಲ್ಲವಲ್ಲ!

ಇನ್ನೊಂದು ತಮಾಷೆ ಇದೆ. ‘ಡಾಕ್ಟರ್ ಹೂ’ ಎಂಬ ಬ್ರಿಟಿಷ್ ಧಾರಾವಾಹಿಯ ಭಯಾನಕ ದೃಶ್ಯಗಳನ್ನು 1960ರ ದಶಕದಲ್ಲಿ ಆಸ್ಟ್ರೇಲಿಯಾದ ಸೆನ್ಸಾರ್ ಕತ್ತರಿಸುತ್ತಿತ್ತು. ಬ್ರಿಟನ್ನಿನವರು ಆಮೇಲೆ ಎಷ್ಟೋ ಕಂತುಗಳನ್ನೇ ಕಳೆದುಕೊಂಡರು. 1996ರಲ್ಲಿ ಆಸ್ಟ್ರೇಲಿಯಾದ ಸರ್ಕಾರಿ ದಾಖಲೆಗಳ ನಡುವೆ ಆ ಕತ್ತರಿಸಿದ ಚೂರುಗಳು ಸಿಕ್ಕವು. ಕಂತು ಹೋಯಿತು, ಮಕ್ಕಳು ನೋಡಬಾರದು ಎಂದು ತೆಗೆದದ್ದು ಮಾತ್ರ ಭದ್ರವಾಗಿತ್ತು.

ಅಳಿಸದೆ ಉಳಿದ ಟೇಪುಗಳಿಗೂ ಒಂದು ಕಾಯಿಲೆ. ಕಾಂತೀಯ ಪುಡಿಯನ್ನು ಟೇಪಿಗೆ ಅಂಟಿಸಿದ ಪಾಲಿಯುರಿಥೇನ್ ಅಂಟು ತೇವ ಹೀರಿ ಒಡೆಯುತ್ತದೆ. ಯಂತ್ರಕ್ಕೆ ಹಾಕಿದರೆ ಕಿರ್ರೆಂದು ಅಂಟಿಕೊಂಡು ಪುಡಿ ಉದುರುತ್ತದೆ. ಆಗ ಟೇಪನ್ನು ಓವನ್‌ನಲ್ಲಿಟ್ಟು ಸುಮಾರು 50 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಬಿಸಿ ಮಾಡುತ್ತಾರೆ. ತೇವ ಆರಿ ಕೆಲವು ದಿನ ಟೇಪು ಓಡುತ್ತದೆ. ಅಷ್ಟರೊಳಗೆ ಡಿಜಿಟಲ್ ಪ್ರತಿ ಮಾಡಿಕೊಳ್ಳಬೇಕು. ಯಂತ್ರವೂ ಸುಸ್ಥಿತಿಯಲ್ಲಿರಬೇಕು. ಅವುಗಳ ಬಿಡಿಭಾಗ ತಯಾರಿಸುವವರು ಈಗ ಇಲ್ಲ.

ಚೆನ್ನಾಗಿ ಉಳಿದ ಫಿಲಂ ಎಲ್ಲರಿಗೂ ತೋರಿಸುವಂಥದ್ದೇ ಎಂಬ ಪ್ರಶ್ನೆಯೂ ಇದೆ. 1898ರಲ್ಲಿ ಬ್ರಿಟಿಷ್ ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಹ್ಯಾಡನ್, ಆಸ್ಟ್ರೇಲಿಯಾದ ಉತ್ತರಕ್ಕಿರುವ ಟೊರೆಸ್ ಜಲಸಂಧಿಯ ಮೇರ್ ದ್ವೀಪದಲ್ಲಿ ಅಲ್ಲಿನ ಜನರ ಕುಣಿತಗಳನ್ನು ಫಿಲಂ ಮಾಡಿದ. ಮೂಲ ಮುಖವಾಡಗಳು ಮಿಷನರಿಗಳ ಕಾಲದಲ್ಲಿ ನಾಶವಾಗಿದ್ದವು. ಅದಕ್ಕೇ ರಟ್ಟಿನಲ್ಲಿ ಹೊಸದಾಗಿ ಮಾಡಿಕೊಂಡು ಕುಣಿದರು. 1901ರಲ್ಲಿ ಇನ್ನೊಬ್ಬ ಮಾನವಶಾಸ್ತ್ರಜ್ಞ ಬಾಲ್ಡ್‌ವಿನ್ ಸ್ಪೆನ್ಸರ್ ಮಧ್ಯ ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ಅರೆರ್ಂಟೆ ಜನರ ಆಚರಣೆಗಳನ್ನು ಸೆರೆಹಿಡಿದ. ಅವುಗಳಲ್ಲಿ ಕೆಲವು, ಸಮುದಾಯದ ಒಳಗೇ ಎಲ್ಲರೂ ನೋಡುವಂತಿಲ್ಲದ ಆಚರಣೆಗಳು. ಹಲವು ಮೂಲನಿವಾಸಿ ಸಮುದಾಯಗಳಲ್ಲಿ ತೀರಿಹೋದವರ ಚಿತ್ರ ತೋರಿಸುವುದೂ ನಿಷಿದ್ಧ. ಅದಕ್ಕೇ ಆಸ್ಟ್ರೇಲಿಯಾದ ಟಿವಿಯಲ್ಲಿ ಇಂಥ ಚಿತ್ರಗಳಿಗೆ ಮೊದಲು ಎಚ್ಚರಿಕೆಯ ಸಾಲು ಬರುತ್ತದೆ. ಗುಪ್ತ ಆಚರಣೆಗಳ ರೀಲುಗಳನ್ನು ಸಂಗ್ರಹಾಲಯಗಳು ತಣ್ಣನೆಯ ಕೋಣೆಯಲ್ಲಿ ಜೋಪಾನವಾಗಿ ಇಟ್ಟುಕೊಂಡಿವೆ. ಯಾರಿಗೆ ತೋರಿಸಬೇಕು ಎಂದು ಆ ಜನರ ಹಿರಿಯರನ್ನೇ ಕೇಳುತ್ತವೆ.