ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆಯೇ?

ಪ್ರಶ್ನೆ: ಅಮ್ಮನಿಗೆ 56 ವರ್ಷ. ಎದೆಯಲ್ಲಿ ಗಂಟಿದೆ. ಮ್ಯಾಮೊಗ್ರಾಮ್ ನೋಡಿದ ಡಾಕ್ಟರು ಬಯಾಪ್ಸಿ ಆಗಲೇಬೇಕು ಅಂದಿದ್ದಾರೆ. ಸೂಜಿ ಚುಚ್ಚಿದರೆ ಕಾಯಿಲೆ ಮೈಯೆಲ್ಲ ಹರಡುತ್ತದೆ, ಪರೀಕ್ಷೆ ಗಿರೀಕ್ಷೆ ಬೇಡ, ಗಂಟನ್ನೇ ತೆಗೆಸಿಬಿಡಿ ಅಂತ ದೊಡ್ಡಪ್ಪ ಹಟ ಹಿಡಿದಿದ್ದಾರೆ. ಏನು ಮಾಡಲಿ?

ಉತ್ತರ: ಬಯಾಪ್ಸಿ ಮಾಡಿಸಿ. ಈ ವಾರವೇ ಮಾಡಿಸಿ.

ಊರು, ವಯಸ್ಸು, ಗಂಟಿನ ಜಾಗ ಬದಲಾಗುತ್ತವೆ, ಪ್ರಶ್ನೆ ಮಾತ್ರ ಇದೇ. ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕ ತಪ್ಪಿದೆ. ಈ ಸಲ ಪೂರ್ತಿ ಬಿಡಿಸಿ ಬರೆಯುತ್ತೇನೆ. ದೊಡ್ಡಪ್ಪನವರಿಗೂ ಓದಿ ಹೇಳಿ.

ಮೊದಲು, ಏನು ಮಾಡುತ್ತಾರೆ ಅನ್ನುವುದು. ಎದೆಯ ಗಂಟಿಗೆ ಈಗ ಮಾಡುವುದು ಕೋರ್ ಬಯಾಪ್ಸಿ, ಅಂದರೆ ದಪ್ಪ ಸೂಜಿಯಿಂದ ಗಂಟಿನ ಸಣ್ಣ ತುಂಡುಗಳನ್ನು ತೆಗೆದು ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಚರ್ಮಕ್ಕೆ ಮರವಿನ ಇಂಜೆಕ್ಷನ್ ಕೊಟ್ಟು, ಎರಡು ಮೂರು ಮಿಲಿಮೀಟರ್ ಗಾಯ ಮಾಡಿ, ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ 14 ಗೇಜ್ ಸೂಜಿ ತೂರಿಸುತ್ತಾರೆ. ದಪ್ಪ ಸುಮಾರು 2 ಮಿ.ಮೀ. ಸೂಜಿಯನ್ನು ನೂಕುವ ಸ್ಪ್ರಿಂಗ್ ಬಿಟ್ಟಾಗ ಟಕ್ ಎಂದು ಜೋರಾಗಿ ಸದ್ದಾಗುತ್ತದೆ. ಅಮ್ಮನಿಗೆ ಮೊದಲೇ ಹೇಳಿಡಿ, ಬೆಚ್ಚಿಬೀಳುವುದು ತಪ್ಪುತ್ತದೆ. ಶಾವಿಗೆ ಎಳೆಯಂಥ ನಾಲ್ಕೈದು ತುಂಡು ಸಿಗುತ್ತವೆ. ಹತ್ತು ನಿಮಿಷ ಒತ್ತಿ ಹಿಡಿದು ಮನೆಗೆ ಕಳಿಸುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ಮೊದಲೇ ತಿಳಿಸಿ. ತಾವಾಗಿಯೇ ನಿಲ್ಲಿಸುವುದು ಬೇಡ. ಆಮೇಲೆ ಅಲ್ಲಿ ನೀಲಿಗಟ್ಟಿ ಊದಿಕೊಂಡರೆ ಅದು ಒಳಗೆ ಹೆಪ್ಪುಗಟ್ಟಿದ ರಕ್ತ. ‘ಚುಚ್ಚಿದ ಮೇಲೆ ಗಂಟು ದೊಡ್ಡದಾಯಿತು’ ಎಂಬ ಮಾತಿಗೆ ಎಷ್ಟೋ ಸಲ ಈ ಊತವೇ ಮೂಲ.

ಈಗ ಹರಡುವ ವಿಷಯ. ಸೂಜಿ ಹೊರಬರುವಾಗ ಒಂದಷ್ಟು ಕ್ಯಾನ್ಸರ್ ಕೋಶಗಳನ್ನು ಪಕ್ಕಕ್ಕೆ ಎಳೆಯುವುದು ನಿಜ. ಇದನ್ನು ಯಾರೂ ಮುಚ್ಚಿಟ್ಟಿಲ್ಲ, ಅಳೆದೇ ನೋಡಿದ್ದಾರೆ. ಕೋರ್ ಬಯಾಪ್ಸಿ ಆಗಿ ಆಮೇಲೆ ಆಪರೇಷನ್ ಆದ 352 ಸ್ತನ ಕ್ಯಾನ್ಸರ್‌ಗಳನ್ನು ಸೂಕ್ಷ್ಮದರ್ಶಕದಡಿ ಹುಡುಕಿದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಶೇ. 32ರಲ್ಲಿ ಜಾಗ ತಪ್ಪಿದ ಕೋಶಗಳು ಸಿಕ್ಕವು. ಇಷ್ಟು ಓದಿ ನಿಲ್ಲಿಸಿದರೆ ದೊಡ್ಡಪ್ಪ ಗೆದ್ದ ಹಾಗೆ. ಮುಂದಿನದನ್ನೂ ಓದಬೇಕು. ಬಯಾಪ್ಸಿಯಾಗಿ 15 ದಿನದೊಳಗೆ ಆಪರೇಷನ್ ಆದವರಲ್ಲಿ ಶೇ. 42ರಷ್ಟು ಜನರಲ್ಲಿ ಅಂಥ ಕೋಶಗಳಿದ್ದವು. 28 ದಿನ ದಾಟಿದವರಲ್ಲಿ ಶೇ. 15ರಷ್ಟು ಮಾತ್ರ. ಸೂಜಿಯಿಂದ ಹರಡಿ ಬೇರೂರುವುದಾದರೆ ದಿನ ಕಳೆದಂತೆ ಹೆಚ್ಚಾಗಬೇಕಿತ್ತು. ಆಗಿದ್ದು ಉಲ್ಟಾ. ಎಳೆದು ಬಿದ್ದ ಕೋಶಗಳು ಅಲ್ಲೇ ಸಾಯುತ್ತಿವೆ.

ಯಾಕೆ ಸಾಯುತ್ತವೆ? ಕ್ಯಾನ್ಸರ್ ಕೋಶಕ್ಕೆ ಜಾಗ ಬಿಟ್ಟು ಬದುಕುವುದು ಬಲು ಕಷ್ಟ. 1970ರಲ್ಲಿ ಐಸಾಯ ಫಿಡ್ಲರ್ ಎಂಬ ಸಂಶೋಧಕರು ವಿಕಿರಣದ ಗುರುತು ಹಾಕಿದ ಮೆಲನೋಮ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಕೋಶಗಳನ್ನು ಇಲಿಗಳ ರಕ್ತನಾಳಕ್ಕೇ ನೇರವಾಗಿ ಚುಚ್ಚಿದರು. 24 ಗಂಟೆಯಲ್ಲಿ ಬದುಕುಳಿದದ್ದು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ. ಇನ್ನೊಂದು ಕಡೆ, ಸೂಜಿ ತಾಗದ ಗಂಟು ಸುಮ್ಮನೆ ಕೂತಿರುತ್ತದೆ ಅನ್ನುವುದೂ ತಪ್ಪು. 1975ರಲ್ಲಿ ಬಟ್ಲರ್ ಮತ್ತು ಗುಲ್ಲಿನೊ ಎಂಬ ಸಂಶೋಧಕರು ಇಲಿಗಳ ಸ್ತನಗಡ್ಡೆಯಿಂದ ಹೊರಡುವ ರಕ್ತದಲ್ಲಿ ಎಣಿಸಿದಾಗ, ಗಡ್ಡೆಯ ಒಂದೊಂದು ಗ್ರಾಮಿನಿಂದ ದಿನಕ್ಕೆ 30–40 ಲಕ್ಷ ಕೋಶಗಳು ತಾವಾಗಿ ರಕ್ತಕ್ಕೆ ಇಳಿಯುತ್ತಿದ್ದವು. ಗಂಟು ಪ್ರತಿದಿನ ಮಾಡುತ್ತಿರುವ ಕೆಲಸದ ಮುಂದೆ ಒಂದು ದಿನದ ಸೂಜಿ ಎಷ್ಟರದು?

ಮನುಷ್ಯರಲ್ಲೂ ಇದಕ್ಕೆ ಸಾಕ್ಷಿಯಿದೆ. ಕ್ಯಾನ್ಸರ್‌ನಿಂದ ಹೊಟ್ಟೆಯಲ್ಲಿ ನೀರು ತುಂಬಿ ನರಳುತ್ತಿದ್ದವರಿಗೆ ಆ ನೀರನ್ನು ಕೊಳವೆಯ ಮೂಲಕ ಕುತ್ತಿಗೆಯ ರಕ್ತನಾಳಕ್ಕೆ ಹರಿಸುವ ಚಿಕಿತ್ಸೆಯೊಂದಿತ್ತು. ನೀರಿನ ಜೊತೆ ಲಕ್ಷಾಂತರ ಕ್ಯಾನ್ಸರ್ ಕೋಶಗಳು ವಾರಗಟ್ಟಲೆ, ತಿಂಗಳುಗಟ್ಟಲೆ ರಕ್ತ ಸೇರಿದವು. ತೀರಿಕೊಂಡವರ ಶವಪರೀಕ್ಷೆಯ ವಿವರಗಳನ್ನು ಡೇವಿಡ್ ಟಾರಿನ್ ತಂಡ 1984ರಲ್ಲಿ ಪ್ರಕಟಿಸಿತು. ಹಲವರಲ್ಲಿ ಹೊಟ್ಟೆಯಾಚೆ ಒಂದು ಹೊಸ ಗಡ್ಡೆಯೂ ಇರಲಿಲ್ಲ.

ಮತ್ತೆ, ‘ನಮ್ಮ ಓಣಿಯಲ್ಲೇ ಒಬ್ಬರಿಗೆ ಚುಚ್ಚಿಸಿದ ಮೇಲೆ ಜೋರಾಯಿತು’ ಅನ್ನುವುದು? ಗಂಟು ಹುಣ್ಣಾಗುವ ತನಕ ಮನೆಮದ್ದು ಮಾಡಿ, ಕೊನೆಗೆ ಆಸ್ಪತ್ರೆಗೆ ಬಂದು, ಬಯಾಪ್ಸಿಯಾಗಿ, ಮೂರು ತಿಂಗಳಲ್ಲಿ ತೀರಿಕೊಂಡರೆ ಜನರ ನೆನಪಲ್ಲಿ ಉಳಿಯುವುದು ಸೂಜಿ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿರುತ್ತದೆ. ‘ಗಾಳಿ ತಾಗಿ ಹರಡಿತು’ ಅನ್ನುವುದೂ ಹೀಗೆಯೇ: ಹೊಟ್ಟೆ ತೆರೆದಾಗ ರೋಗ ಆಗಲೇ ಹರಡಿದ್ದು ಕಂಡು ಹಾಗೇ ಮುಚ್ಚಿರುತ್ತಾರೆ.

ಭಯಕ್ಕೆ ನಿಜವಾದ ನೆಲೆಯಿರುವ ಜಾಗಗಳೂ ಇವೆ, ಡಾಕ್ಟರುಗಳಿಗೆ ಅವು ಗೊತ್ತಿರುತ್ತವೆ. ವೃಷಣದ ಗಡ್ಡೆಗೆ ಚೀಲದ ಮೂಲಕ ಸೂಜಿ ಹಾಕುವುದಿಲ್ಲ, ತೊಡೆಸಂದಿಯಿಂದ ಇಡೀ ವೃಷಣವನ್ನು ತೆಗೆಯುತ್ತಾರೆ. ಮಕ್ಕಳ ಕಣ್ಣಿನ ಕ್ಯಾನ್ಸರ್ ರೆಟಿನೋಬ್ಲಾಸ್ಟೋಮಕ್ಕೆ ಚುಚ್ಚುವ ಹಾಗೇ ಇಲ್ಲ. ಅಂಡಾಶಯದ ಅನುಮಾನದ ಗಡ್ಡೆಯನ್ನು ಒಡೆಯದಂತೆ ತೆಗೆಯಬೇಕು, ಒಡೆದರೆ ಕಾಯಿಲೆಯ ಮೊದಲ ಹಂತದಲ್ಲೇ ‘ಎ’ ಇದ್ದದ್ದು ಅದಕ್ಕಿಂತ ಮುಂದುವರಿದ ‘ಸಿ’ ಆಗುತ್ತದೆ. ಸಿರೋಸಿಸ್ ಆದವರ, ಅಂದರೆ ಯಕೃತ್ತು ಗಟ್ಟಿಯಾಗಿ ಕೆಟ್ಟವರ, ಯಕೃತ್ತಿನ ಗಡ್ಡೆಯನ್ನು ಸಾಮಾನ್ಯವಾಗಿ ಸಿಟಿ ಅಥವಾ ಎಂಆರ್‌ಐನಲ್ಲೇ ಗುರುತಿಸಬಹುದು. ಅಲ್ಲಿ ಸೂಜಿಯ ದಾರಿಯಲ್ಲಿ ಗಡ್ಡೆ ಬೆಳೆದದ್ದು ಸುಮಾರು ಶೇ. 2.7ರಷ್ಟು. ಮೂಳೆ ಗಡ್ಡೆಯದು ಬೇರೆಯೇ ಕಥೆ. ಆಪರೇಷನ್ ಮಾಡುವ ತಂಡವೇ ಬಯಾಪ್ಸಿಯ ದಾರಿ ಗುರುತಿಸಬೇಕು, ಆಮೇಲೆ ಆ ದಾರಿಯನ್ನೂ ಸೇರಿಸಿ ತೆಗೆಯುತ್ತಾರೆ. ಎಲ್ಲೆಂದರಲ್ಲಿ ಅಡ್ಡಡ್ಡ ಕೊಯ್ದರೆ ಉಳಿಸಬಹುದಾಗಿದ್ದ ಕಾಲು ಹೋಗಬಹುದು. ಮೂಳೆ ತಜ್ಞ ಹೆನ್ರಿ ಮ್ಯಾಂಕಿನ್ 1982ರಲ್ಲಿ 329 ರೋಗಿಗಳನ್ನು ಲೆಕ್ಕಹಾಕಿದಾಗ, ಬಯಾಪ್ಸಿ ಕೆಟ್ಟದ್ದರಿಂದ ಶೇ. 4.5ರಷ್ಟು ಜನ ಅನಗತ್ಯವಾಗಿ ಕೈಯೋ ಕಾಲೋ ಕಳೆದುಕೊಂಡಿದ್ದರು. ಅಮ್ಮನ ಗಂಟು ಈ ಪಟ್ಟಿಯಲ್ಲಿಲ್ಲ.

ಗಂಟನ್ನೇ ತೆಗೆಸಿಬಿಟ್ಟರೆ? ದಯವಿಟ್ಟು ಬೇಡ. ಕ್ಯಾನ್ಸರ್ ಅಲ್ಲದಿದ್ದರೆ ಅದು ಬಹುಶಃ ಬೇಡದ ಆಪರೇಷನ್. ಕ್ಯಾನ್ಸರ್ ಆಗಿದ್ದರೆ ಅಂಚಿನಲ್ಲಿ ಎಷ್ಟು ಬಿಡಬೇಕು, ಕಂಕುಳಿನ ಯಾವ ಗ್ರಂಥಿ ನೋಡಬೇಕು ಅನ್ನುವುದು ತಿಳಿಯದೆ ಕೊಯ್ದಂತೆ. ಎರಡನೇ ಆಪರೇಷನ್ ಹೆಚ್ಚುಕಡಿಮೆ ಖಚಿತ. ಬಯಾಪ್ಸಿಯಲ್ಲಿ ಕ್ಯಾನ್ಸರ್‌ನ ಬಗೆಯೂ ತಿಳಿಯುತ್ತದೆ: ಹರ್-2 ಪಾಸಿಟಿವ್ (ಹರ್-2 ಎಂಬ ಪ್ರೋಟೀನ್ ಹೆಚ್ಚಿರುವ) ಅಥವಾ ಟ್ರಿಪಲ್ ನೆಗೆಟಿವ್ (ಹರ್-2 ಹೆಚ್ಚಿಲ್ಲದ, ಎರಡು ಹಾರ್ಮೋನ್ ಗ್ರಾಹಕಗಳೂ ಇಲ್ಲದ) ಬಗೆಯ ಗಂಟು 2 ಸೆಂ.ಮೀ. ದಾಟಿದ್ದರೆ ಸಾಮಾನ್ಯವಾಗಿ ಕೀಮೋ ಮೊದಲು, ಆಪರೇಷನ್ ಆಮೇಲೆ. ಔಷಧಿಗೆ ಗಂಟು ಕರಗುತ್ತಿದೆಯೇ ಎಂದು ನೋಡಲು ಗಂಟು ಅಲ್ಲೇ ಇರಬೇಕು.

ನೀವು ಕೇಳಿಲ್ಲ, ಆದರೆ ಮುಂದಿನ ವಾರ ಕೇಳುತ್ತೀರಿ: ರಿಪೋರ್ಟಿಗೆ ಯಾಕಿಷ್ಟು ದಿನ? ತುಂಡನ್ನು ತಕ್ಷಣ ಕೆಡದಂತೆ ಕಾಯುವ ಶೇ. 10ರ ಫಾರ್ಮಲಿನ್‌ನಲ್ಲಿ, ತುಂಡಿನ ಹತ್ತು ಪಟ್ಟಾದರೂ ದ್ರವದಲ್ಲಿ ಮುಳುಗಿಸಬೇಕು. ಹಾರ್ಮೋನ್ ಮತ್ತು ಹರ್-2 ಪರೀಕ್ಷೆ ನಂಬುವಂತಿರಬೇಕಾದರೆ ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಅದರಲ್ಲಿರಬೇಕು. ಆಮೇಲೆ ಆಲ್ಕೋಹಾಲ್, ಝೈಲೀನ್, ಮೇಣ ಎಂದು ಒಂದು ರಾತ್ರಿ; ಬೆಳಿಗ್ಗೆ 3–4 ಮೈಕ್ರಾನ್‌ನಷ್ಟು ತೆಳು ಪದರ ಕೊಯ್ದು ಬಣ್ಣ. ಕೋಶದ ಪ್ರೋಟೀನ್‌ಗಳನ್ನು ಬಣ್ಣದಿಂದ ಗುರುತಿಸುವ ಐಎಚ್‌ಸಿ ಪರೀಕ್ಷೆ ಬೇಕಾದರೆ ಇನ್ನೆರಡು ಮೂರು ದಿನ. ಡಬ್ಬಿ ನಿಮ್ಮ ಕೈಗೇ ಕೊಟ್ಟು ಲ್ಯಾಬಿಗೆ ಕಳಿಸಿದರೆ ಹೆಸರು, ಎಡವೋ ಬಲವೋ, ಹಾಕಿದ ಸಮಯ ಬರೆದಿದೆಯೇ ನೋಡಿ. ಫಾರ್ಮಲಿನ್ ಬದಲು ಸಲೈನ್ (ಉಪ್ಪುನೀರು) ಹಾಕಿ ರಾತ್ರಿಯಿಡೀ ಬಿಟ್ಟರೆ ತುಂಡು ಕೊಳೆಯುತ್ತದೆ, ಮತ್ತೆ ಚುಚ್ಚಬೇಕಾಗುತ್ತದೆ. ಕುತ್ತಿಗೆಯ ಗ್ರಂಥಿಯಲ್ಲಿ ಟಿಬಿ ಅನುಮಾನವಿದ್ದರೆ ಮಾತ್ರ ಒಂದು ತುಂಡನ್ನು ಬೇರೆಯಾಗಿ ಸಲೈನ್‌ನಲ್ಲಿ ಲ್ಯಾಬಿಗೆ ಬೇಗನೆ ಮುಟ್ಟಿಸಬೇಕು. ಫಾರ್ಮಲಿನ್‌ನಲ್ಲಿ ಟಿಬಿ ರೋಗಾಣು ಸಾಯುತ್ತದೆ, ಅದನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಏನೂ ಬೆಳೆಯುವುದಿಲ್ಲ.

ರಿಪೋರ್ಟ್ ಬಂದ ಮೇಲೆ ಬೇರೆ ಆಸ್ಪತ್ರೆಗೆ ಹೋಗುವುದಾದರೆ ಕಾಗದದ ಜೊತೆ ಸ್ಲೈಡ್ (ಬಣ್ಣ ಹಾಕಿದ ಪದರವಿರುವ ಗಾಜು) ಮತ್ತು ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಕೇಳಿ ಪಡೆಯಿರಿ. ಬ್ಲಾಕ್ ಇದ್ದರೆ ಮತ್ತೆ ಚುಚ್ಚುವ ಮಾತು ಬಹುಮಟ್ಟಿಗೆ ತಪ್ಪುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಮಾತ್ರ ಅದನ್ನು ಬಿಡಬೇಡಿ, ಮೇಣ ಮೆತ್ತಗಾಗುತ್ತದೆ.